ಒಂದೇ ಮಣ್ಣಿನ ಗೋಡೆ, ಮೂರು ಗಿಲಾವು, ಎರಡು ಮಳೆಗಾಲ

ತೋಟದ ಅಂಚಿನಲ್ಲಿ ಎರಡು ಕೋಣೆಯ ಒಂದು ಮಣ್ಣಿನ ಮನೆ ಕಟ್ಟಿಸಿದೆ. ಊರು ಹೊಸನಗರ ತಾಲ್ಲೂಕಿನ ಘಟ್ಟದಂಚಿನಲ್ಲಿದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಆರಿದ್ರಾ ಹಿಡಿದರೆ ಬಟ್ಟೆ ಒಣಗುವುದು ಒಲೆಯ ಮೇಲೆಯೇ. "ಇಲ್ಲಿ ಮಣ್ಣಿನ ಗೋಡೆಯಾ?" ಎಂದು ಕೇಳದವರಿಲ್ಲ. ನಮ್ಮಜ್ಜನ ಮನೆಯೂ ಮಣ್ಣಿನದೇ ಅಲ್ವಾ ಅಂದರೆ ಸುಮ್ಮನಾಗುತ್ತಿದ್ದರು.

ಗೋಡೆ ಹಸಿ ಇಟ್ಟಿಗೆಯದು. ತೋಟದ ಕೆಮ್ಮಣ್ಣಿಗೆ ಹುತ್ತದ ಮಣ್ಣು, ಬತ್ತದ ಹುಲ್ಲು ಸೇರಿಸಿ ತುಳಿದು, ಅಚ್ಚಿಗೆ ಹಾಕಿ ಒಣಗಿಸಿದ್ದು. ಪಂಚಾಂಗ, ಅಂದರೆ ಗೋಡೆಯ ಕೆಳಗಿನ ತಳಪಾಯ, ಜಂಬಿಟ್ಟಿಗೆಯದು, ಎರಡು ಅಡಿ ಎತ್ತರ. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ಹೊರಗೆ ಏನು ಬಳಿಯೋದು ಅನ್ನುವಾಗ ಮೂರು ಪಕ್ಷವಾಯಿತು. ಅಮ್ಮನದು ಸೆಗಣಿ-ಮಣ್ಣು, ಮೇಸ್ತ್ರಿಯದು ಸಿಮೆಂಟ್, ನನ್ನದು ಸುಣ್ಣ. ಕೊನೆಗೆ ಪಡುವಣ ಗೋಡೆಯನ್ನೇ ಮೂರು ಪಾಲು ಮಾಡಿದೆ. ಗಾಳಿಮಳೆ ಬಂದು ಬಡಿಯುವುದೇ ಆ ಕಡೆಯಿಂದ.

ಮೊದಲ ಮಳೆಗಾಲದಲ್ಲಿ ಗೆದ್ದದ್ದು ಸಿಮೆಂಟ್. ಸುಳ್ಳು ಹೇಳಬಾರದು. ಮೇಸ್ತ್ರಿ ಗೋಡೆಗೆ ಕೋಳಿ ಜಾಲರಿ ಹೊಡೆದು, ಎರಡೇ ದಿನಕ್ಕೆ ಕೆಲಸ ಮುಗಿಸಿದರು. ಪುಷ್ಯ ಮಳೆ ಕಳೆದರೂ ಒಂದು ಗೀರಿಲ್ಲ. ಸೆಗಣಿ-ಮಣ್ಣು ಮೇಲೆ ಚೆನ್ನಾಗಿಯೇ ನಿಂತಿತು. ಕೆಳಗೆ ಒಂದೂವರೆ ಅಡಿ ಮಾತ್ರ ಎರಚಲಿಗೆ ಕರಗಿ, ಒಳಗಿನ ಹುಲ್ಲು ಗಡ್ಡದ ಹಾಗೆ ಹೊರಬಂತು. ಸುಣ್ಣದ್ದಂತೂ ಹೇಳಬೇಡಿ. ರೋಹಿಣಿ ಮಳೆಗೇ ಮಜ್ಜಿಗೆಯ ಹಾಗೆ ಹರಿದು ಪಂಚಾಂಗವೆಲ್ಲ ಬಿಳಿ. ಮೇಸ್ತ್ರಿ ಏನೂ ಅನ್ನಲಿಲ್ಲ, ಬೀಡಿ ಹಚ್ಚಿ ನಕ್ಕರು ಅಷ್ಟೆ.

ತಪ್ಪು ನನ್ನದೇ. ಮೇ ತಿಂಗಳಲ್ಲಿ ಸುಣ್ಣ ಬಳಿಸಿದ್ದೆ. ಸಿಮೆಂಟಿನ ಹಾಗೆ ಅದು ನೀರು ಕುಡಿದು ಗಟ್ಟಿಯಾಗುವುದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿಕೊಂಡು ಮತ್ತೆ ಕಲ್ಲಾಗಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಮರುವರ್ಷ ಜನವರಿಯಲ್ಲೇ ಶುರುಮಾಡಿದೆ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ನೀರಿಗೆ ಹಾಕಿ ಇಪ್ಪತ್ತು ದಿನ ಬಿಟ್ಟೆ. (ನೀರಿಗೆ ಬಿದ್ದೊಡನೆ ಕೊತಕೊತ ಕುದಿಯುತ್ತದೆ. ಕಣ್ಣಿಗೆ ಹಾರಿದರೆ ದೇವರೇ ಗತಿ, ಮಕ್ಕಳನ್ನು ಹತ್ತಿರ ಬಿಡಬೇಡಿ.) ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಕಲಸಲು ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಗೋಡೆಯನ್ನು ಒದ್ದೆ ಮಾಡಿ, ತೆಳ್ಳಗೆ ಎರಡು ಪದರ. ಬಿಸಿಲಿಗೆ ಸಿಡಿಯದಂತೆ ಒದ್ದೆ ಗೋಣಿ ಇಳಿಬಿಟ್ಟೆ. ಸಿಮೆಂಟಿಗಿಂತ ಖರ್ಚು ಜಾಸ್ತಿಯೇ ಬಿತ್ತು. ಸಾಮಾನಿಗಲ್ಲ, ಆಳಿನ ದಿನಗಳಿಗೆ.

ಎರಡನೇ ಮಳೆಗಾಲಕ್ಕೆ ಲೆಕ್ಕ ತಿರುಗಿತು. ಆಶ್ಲೇಷದ ಒಂದು ಬೆಳಿಗ್ಗೆ ಸಿಮೆಂಟ್ ಪಾಲನ್ನು ಬೆರಳಿನಿಂದ ತಟ್ಟಿದೆ. ಒಂದು ಕಡೆ ಟಕ್ ಟಕ್, ಒಂದು ಕಡೆ ಡಬ ಡಬ. ಕೂದಲೆಳೆಯಷ್ಟು ಬಿರುಕುಗಳು ಬಂದಿದ್ದವು. ವಾರದಲ್ಲಿ ತಟ್ಟೆಯಗಲದ ಒಂದು ಚಕ್ಕೆ ಜಾಲರಿ ಸಮೇತ ಕಳಚಿಬಿತ್ತು. ಹಿಂದಿನ ಇಟ್ಟಿಗೆಗೆ ಹೆಬ್ಬೆರಳು ಒತ್ತಿದರೆ ರೊಟ್ಟಿ ಹಿಟ್ಟಿನ ಹಾಗೆ ಒಳಗೆ ಹೋಯಿತು. ಮಣ್ಣು ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಆಡುವುದಿಲ್ಲ. ಬಿರುಕಿನಲ್ಲಿ ಒಳಹೋದ ನೀರಿಗೆ ಹೊರಗೆ ಬರಲು ದಾರಿಯೂ ಇಲ್ಲ. ಮೊದಲ ವರ್ಷ ಒಳಗೊಳಗೇ ಗೋಡೆ ನೆನೆಯುತ್ತಿತ್ತೋ ಏನೋ, ನಾನು ಹೊರಗಿನಿಂದ ನೋಡಿ ಮೆಚ್ಚುತ್ತಿದ್ದೆ.

ಸುಣ್ಣದ ಪಾಲು ಮಳೆಗೆ ಕಪ್ಪಾಯಿತು, ಒಂದೆರಡು ದಿನ ಬಿಸಿಲು ಬಿದ್ದರೆ ಮತ್ತೆ ಬಿಳಿಯಾಯಿತು. ಅಂದರೆ ಉಸಿರಾಡುತ್ತಿದೆ. ಒಂದು ಮೂಲೆಯಲ್ಲಿ ಪಾಚಿ ಕಟ್ಟಿದ್ದು ಬಿಟ್ಟರೆ ದೂರಿಲ್ಲ.

ಸೆಗಣಿ-ಮಣ್ಣು ಮತ್ತೆ ಅದೇ ಒಂದೂವರೆ ಅಡಿ ಕರಗಿತು. ಆದರೆ ದೀಪಾವಳಿಗೆ ಮುಂಚೆ ಅಮ್ಮ ಒಂದು ಮಧ್ಯಾಹ್ನ ಕೂತು ಸಾರಿಸಿದರು, ಮುಗಿಯಿತು. ಪೈಸೆ ಖರ್ಚಿಲ್ಲ. ಸಿಮೆಂಟ್ ಚಕ್ಕೆಯನ್ನು ರಿಪೇರಿ ಮಾಡಲು ಮೇಸ್ತ್ರಿಗೆ ಮೂರು ಸಲ ಫೋನ್ ಮಾಡಿದೆ.

ಹೊಸದಾಗಿ ಕಟ್ಟುವವರಿಗೆ ಇನ್ನೊಂದು ದಾರಿಯೂ ಇದೆ: ಮಣ್ಣಿಗೆ ಶೇಕಡಾ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಬ್ಲಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಆಸ್ತ್ರ' ವಿಭಾಗ ಇದರ ಮೇಲೆ ತುಂಬ ಕೆಲಸ ಮಾಡಿದೆ. ಭಾವನ ಮನೆ ಅಂಥದ್ದೇ, ಗಿಲಾವೇ ಇಲ್ಲದೆ ನಿಂತಿದೆ. ನನಗೆ ಯಂತ್ರ ತರಿಸುವ ತಾಳ್ಮೆ ಇರಲಿಲ್ಲ.

ಈಗ ಪಡುವಣ ಗೋಡೆಗೆ ಪೂರ್ತಿ ಸುಣ್ಣ, ಉಳಿದ ಮೂರು ಕಡೆ ಸೆಗಣಿ-ಮಣ್ಣು ಅಂತ ತೀರ್ಮಾನ ಮಾಡಿದ್ದೇನೆ. ಹಂಚಿನ ಸೂರನ್ನೂ ಒಂದಡಿ ಮುಂದಕ್ಕೆ ತರಿಸುತ್ತೇನೆ. ಎರಚಲು ತಪ್ಪಿಸಲು ಇದನ್ನು ಮೊದಲೇ ಮಾಡಬೇಕಿತ್ತು. ಅಮ್ಮನಿಗೆ ಹೇಳಿದರೆ, "ಅಜ್ಜ ಮೇ ತಿಂಗಳಲ್ಲೇ ಅಡಿಕೆ ಸೋಗೆಯ ಜಡಿತಟ್ಟಿ ಕಟ್ಟಿಸ್ತಿದ್ರು, ಗೋಡೆಗೆ ಮಳೆಯೇ ತಾಗ್ತಿರ್ಲಿಲ್ಲ" ಅಂದರು. ಮೂರು ಗಿಲಾವಿನ ಪರೀಕ್ಷೆ ಶುರುಮಾಡುವಾಗ ಇದನ್ನು ಯಾಕೆ ಹೇಳಲಿಲ್ಲ ಅಂದರೆ, "ನೀ ಕೇಳಿದ್ಯಾ?" ಅಂತಾರೆ. ಸೋಗೆ ಒಟ್ಟು ಮಾಡುತ್ತಿದ್ದೇನೆ.