ಕ್ಯಾಶ್‌ಲೆಸ್, ಬಿಲ್ ಕೊಟ್ಟು ವಾಪಸ್ ಪಡೆಯುವುದು, ಎದುರಿನವರ ಪಾಲಿಸಿ: ಕಾರಿನ ಕ್ಲೇಮ್ ಯಾವ ದಾರಿಯಲ್ಲಿ ಬೇಗ ಮುಗಿಯುತ್ತದೆ?

ಕ್ಲೇಮ್ ಮುಗಿಯಲು ಎಷ್ಟು ದಿನ ಬೇಕು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ನಿಮಗೆ ಬೇಗ ಬೇಕಾಗಿರುವುದು ಕಾರೋ, ದುಡ್ಡೋ? ಎರಡೂ ಒಟ್ಟಿಗೆ ಕೈಗೆ ಬರುವುದು ಅಪರೂಪ. ನಾನು ಮೂರು ದಾರಿಯಲ್ಲೂ ಹೋಗಿ ಬಂದಿದ್ದೇನೆ. ಇನ್ಶೂರೆನ್ಸ್ ಕಂಪನಿಯ ಜೊತೆ ಒಪ್ಪಂದವಿರುವ ನೆಟ್‌ವರ್ಕ್ ಗ್ಯಾರೇಜಿನಲ್ಲಿ ಕ್ಯಾಶ್‌ಲೆಸ್ ಮಾಡಿಸಿದ್ದೇನೆ, ಅಂದರೆ ಕಂಪನಿ ತನ್ನ ಪಾಲನ್ನು ನೇರವಾಗಿ ಗ್ಯಾರೇಜಿಗೇ ಕೊಡುತ್ತದೆ. ನನಗೆ ನಂಬಿಕೆಯಿದ್ದ ಮೆಕ್ಯಾನಿಕ್ ಹತ್ತಿರ ಕೈಯಿಂದ ಕೊಟ್ಟು ಆಮೇಲೆ ವಾಪಸ್ ಪಡೆದಿದ್ದೇನೆ. ತಪ್ಪು ಎದುರಿನ ಗಾಡಿಯದ್ದಾದಾಗ ಅವರ ಇನ್ಶೂರೆನ್ಸ್ ಕಂಪನಿಯನ್ನೂ ಕೇಳಿದ್ದೇನೆ.

ಕ್ಯಾಶ್‌ಲೆಸ್ ಎಲ್ಲಕ್ಕಿಂತ ಬೇಗ ಎನ್ನುತ್ತಾರೆ. ಹೊರಗೆ ಕಾಣುವಷ್ಟೇ ಪೆಟ್ಟಾಗಿದ್ದರೆ ಅದು ನಿಜ. ಬಾಗಿಲಿನ ಮೇಲೆ ಗೀರು ಬಿದ್ದಿದೆ, ಕನ್ನಡಿ ಮುರಿದಿದೆ ಎಂದರೆ ವಾರದೊಳಗೆ ಕಾರು ಮನೆಗೆ ಬರುತ್ತದೆ. ಮುಂದಿನ ಬಂಪರ್‌ಗೆ ಹೊಡೆದಿದ್ದರೆ ಮಾತ್ರ ಕಥೆ ಬೇರೆ. ನನ್ನ ಕಾರಿನಲ್ಲಿ ಹೊರಗಿನಿಂದ ಕಂಡಿದ್ದು ಒಂದು ಬಿರುಕು ಅಷ್ಟೇ. ಎಷ್ಟು ಹಾಳಾಗಿದೆ ಎಂದು ಕಂಪನಿಯ ಪರವಾಗಿ ನೋಡುವ ಸರ್ವೇಯರ್ ಬಂದು ಫೋಟೊ ತೆಗೆದುಕೊಂಡು ಹೋದರು, ಎಸ್ಟಿಮೇಟ್‌ಗೆ ಒಪ್ಪಿಗೆಯೂ ಬಂತು. ಆಮೇಲೆ ಬಂಪರ್ ಬಿಚ್ಚಿದರು. ಒಳಗಿನ ಕಬ್ಬಿಣದ ಪಟ್ಟಿ ಬಾಗಿತ್ತು. ರೇಡಿಯೇಟರ್ ಹಿಡಿದಿಡುವ ಫ್ರೇಮು ಒಂದು ಕಡೆ ಸರಿದಿತ್ತು. ಹೆಡ್‌ಲೈಟಿನ ಗಾಜಿಗೆ ಏನೂ ಆಗಿರಲಿಲ್ಲ, ಆದರೆ ಅದನ್ನು ಬಿಗಿಯುವ ಕಿವಿ ಮುರಿದಿತ್ತು. ಇದೆಲ್ಲ ಮೊದಲ ಎಸ್ಟಿಮೇಟ್‌ನಲ್ಲಿ ಇರಲಿಲ್ಲ. ಹಾಗಾಗಿ ಎರಡನೇ ಎಸ್ಟಿಮೇಟ್, ಎರಡನೇ ಒಪ್ಪಿಗೆ. ಅದು ಬರುವವರೆಗೆ ಗ್ಯಾರೇಜಿನವರು ಸ್ಪ್ಯಾನರ್ ಮುಟ್ಟುವುದಿಲ್ಲ. ಅವರನ್ನು ದೂರುವ ಹಾಗೂ ಇಲ್ಲ. ಒಪ್ಪಿಗೆ ಇಲ್ಲದೆ ಕೆಲಸ ಮಾಡಿದರೆ ಆ ದುಡ್ಡು ಯಾರು ಕೊಡುತ್ತಾರೆ, ಅಲ್ವಾ?

ಸರ್ವೇಯರ್ ಬರುವುದೇ ತಡ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ನಾನು ಕಂಡಂತೆ ಜಾಸ್ತಿ ದಿನ ಹೋಗುವುದು ಈ ಎರಡನೇ ಸುತ್ತಿನಲ್ಲಿ. ಇದಕ್ಕೊಂದು ಉಪಾಯ ಇದೆ. ಗಾಡಿ ಬಿಟ್ಟ ದಿನವೇ ಮೊದಲ ಫೋಟೊಗಳು ಕಂಪನಿಗೆ ಹೋಗಲಿ. ನಂತರ ಅವರ ಒಪ್ಪಿಗೆ ಪಡೆದು, ಸರ್ವೇಯರ್ ಎದುರಿಗೇ ಬಂಪರ್ ಪೂರ್ತಿ ಬಿಚ್ಚಿಸಿ. ಒಂದೇ ಎಸ್ಟಿಮೇಟ್‌ನಲ್ಲಿ ಎಲ್ಲ ಸೇರುತ್ತದೆ. ಹಾಗೆಯೇ ಪಾರ್ಟ್ಸ್ ಆರ್ಡರ್ ಮಾಡುವಾಗ 17 ಅಕ್ಷರ-ಅಂಕಿಗಳ ಚಾಸಿ ನಂಬರಿನ ಫೋಟೊ ಕೊಡಿ. ಒಂದೇ ಮಾಡೆಲ್ ಆದರೂ ತಯಾರಾದ ಸಮಯ ನೋಡಿ ಕ್ಲಿಪ್ಪು, ಬ್ರಾಕೆಟ್ಟು ಬದಲಾಗಿರುತ್ತವೆ. ತಪ್ಪು ಪಾರ್ಟ್ ಬಂದರೆ ಮತ್ತೆ ಕಾಯಬೇಕು.

ಕ್ಯಾಶ್‌ಲೆಸ್‌ನಲ್ಲಿ ಕೊನೆಗೂ ಒಂದು ತಡೆ ಇರುತ್ತದೆ. ಕಾರು ತೊಳೆದು ನಿಲ್ಲಿಸಿದ್ದರೂ ಕಂಪನಿ ತಾನು ಎಷ್ಟು ಕೊಡುತ್ತೇನೆಂದು ಬರೆದು ಕಳಿಸುವವರೆಗೆ ಕೀ ಸಿಗುವುದಿಲ್ಲ. ಅದಕ್ಕೇ ವಾರದ ಕೊನೆಯ ಸಂಜೆ ಡೆಲಿವರಿ ಇಟ್ಟುಕೊಳ್ಳಬೇಡಿ.

ಕೈಯಿಂದ ಕೊಟ್ಟು ವಾಪಸ್ ಪಡೆಯುವ ದಾರಿಯಲ್ಲಿ ಕಾರು ನನಗೆ ಇನ್ನೂ ಬೇಗ ಸಿಕ್ಕಿತು. ಸರ್ವೆ ಆದ ಮೇಲೆ ಕೆಲಸ ಮಧ್ಯೆ ನಿಲ್ಲಲಿಲ್ಲ. ಒಳಗೆ ಹೊಸ ಪೆಟ್ಟು ಕಂಡಾಗ ಅಲ್ಲಿಯೇ ಫೋಟೊ ತೆಗೆದು ಸರ್ವೇಯರ್‌ಗೆ ಕಳಿಸಿ, ಅವರು ನೋಡಿದ್ದು ಖಚಿತವಾದ ಮೇಲೆ ಮೆಕ್ಯಾನಿಕ್ ಮುಂದುವರಿದರು. ದುಡ್ಡು ಮಾತ್ರ ನಿಧಾನ. ಬಿಲ್ಲಿನಲ್ಲಿ ‘ಮುಂಭಾಗದ ರಿಪೇರಿ’ ಎಂದು ಒಂದೇ ಸಾಲಿತ್ತು, ಕಂಪನಿ ವಾಪಸ್ ಕಳಿಸಿತು. ಪಾರ್ಟ್ ಬೇರೆ, ಕೂಲಿ ಬೇರೆ, ಪೇಂಟ್ ಬೇರೆ ಬರೆಸಿ ಕೊಟ್ಟ ಮೇಲೆ ಫೈಲ್ ಮತ್ತೆ ಸಾಲಿನ ಹಿಂದಕ್ಕೆ ಹೋಯಿತು. ಒಂದೊಂದು ಪ್ರಶ್ನೆಗೂ ಹೀಗೇ ಆಗುತ್ತದೆ. ತೆಗೆದ ಹಳೇ ಪಾರ್ಟ್‌ಗಳನ್ನು ಹಣ ಖಾತೆಗೆ ಬರುವವರೆಗೆ ಎಸೆಯಬೇಡಿ, ತೋರಿಸಿ ಎಂದು ಕೇಳಬಹುದು.

ಮೂರನೆಯದು ನ್ಯಾಯವಾಗಿ ನೋಡಿದರೆ ಸರಿಯಾದ ದಾರಿ. ಹೊಡೆದವರು ಕೊಡಲಿ. ಆದರೆ ನಿಧಾನ ಅಂದರೆ ತುಂಬಾ ನಿಧಾನ. ನಿಮ್ಮ ಕಂಪನಿ ನೋಡುವುದು ಎಷ್ಟು ಹಾಳಾಗಿದೆ ಎಂದು. ಅವರ ಕಂಪನಿ ಅದಕ್ಕೂ ಮೊದಲು, ಆ ದಿನ ಪಾಲಿಸಿ ಚಾಲ್ತಿಯಲ್ಲಿತ್ತಾ, ತಪ್ಪು ಯಾರದು ಎಂದು ನೋಡುತ್ತದೆ. ನನಗೆ ಹೊಡೆದವರು ತಮ್ಮ ಕಂಪನಿಯ ಫೋನನ್ನೇ ಎತ್ತಲಿಲ್ಲ. ಅವರ ಹೇಳಿಕೆ ಇಲ್ಲದೆ ಫೈಲ್ ತಿಂಗಳುಗಟ್ಟಲೆ ಕೂತಿತು. ಹಿಂದಿನ ಗಾಡಿಯವರೊಬ್ಬರು ಡ್ಯಾಶ್‌ಕ್ಯಾಮ್ ವಿಡಿಯೊ ಕೊಟ್ಟ ಮೇಲೆಯೇ ಅದು ಕದಲಿದ್ದು. ಅವರ ಉಪಕಾರ ನಾನು ಮರೆಯುವುದಿಲ್ಲ.

ಇನ್ನೊಂದು ಸಲ ಇಂಥದ್ದೇ ಆದಾಗ ನನ್ನ ಪಾಲಿಸಿಯಲ್ಲೇ ರಿಪೇರಿ ಮಾಡಿಸಿದೆ. ನನ್ನ ಕಂಪನಿ ಆಮೇಲೆ ಅವರ ಕಂಪನಿಯಿಂದ ವಸೂಲಿಗೆ ಹೋಯಿತು. ಕಾರು ಬೇಗ ಬಂತು. ನಾನು ಕಟ್ಟಿದ ನನ್ನ ಪಾಲಿನ ಮೊತ್ತ ಬಹಳ ತಡವಾಗಿ ಬಂತು, ಆದರೆ ಬಂತು. ಇದಕ್ಕೆ ಹೋಗುವ ಮುಂಚೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಉಳಿಯುತ್ತದಾ ಎಂದು ಬರಹದಲ್ಲಿ ಕೇಳಿಕೊಳ್ಳಿ.

ಯಾರಿಗಾದರೂ ಗಾಯವಾಗಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಚಿಕಿತ್ಸೆ ಎಲ್ಲಿಗೆ ನಿಲ್ಲುತ್ತದೆ ಎಂದು ಡಾಕ್ಟರಿಗೇ ಗೊತ್ತಾಗದೆ ಮೊತ್ತ ಗೊತ್ತಾಗುವುದಿಲ್ಲ. ಬೇಗ ಮುಗಿಯಲಿ ಎಂದು ‘ಪೂರ್ತಿ ಮತ್ತು ಅಂತಿಮ’, ಅಂದರೆ ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂಬ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ಮುಂದಿನ ಗಾಜು ಒಡೆದರೆ ಮೊದಲ ಎರಡು ದಾರಿಯಲ್ಲಿ ಯಾವುದಾದರೂ ಒಪ್ಪಿಗೆ ಸಾಮಾನ್ಯವಾಗಿ ಬೇಗ ಬರುತ್ತದೆ. ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರಾದರೆ ಅದನ್ನು ಮತ್ತೆ ಅಳತೆಗೆ ಕೂರಿಸಲು ಸಮಯ ಕೊಡಿ. ಕ್ಯಾಮೆರಾ 1 ಡಿಗ್ರಿ ಓರೆಯಾದರೂ 100 ಮೀಟರ್ ದೂರದಲ್ಲಿ ಸುಮಾರು 1.75 ಮೀಟರ್ ವ್ಯತ್ಯಾಸ ಆಗುತ್ತದೆ. ಪಕ್ಕದ ಲೇನಿನ ಗಾಡಿ ನಿಮ್ಮ ಮುಂದಿದೆ ಎಂದು ಕಾರು ತಿಳಿಯಬಹುದು.

ಫೋನ್ ಮಾಡಿದಾಗಲೆಲ್ಲ ‘ಪ್ರೊಸೆಸ್‌ನಲ್ಲಿದೆ’ ಎಂಬ ಉತ್ತರ ಮೂರೂ ಕಡೆ ಸಿಕ್ಕಿತು. ‘ಯಾವಾಗ ಆಗುತ್ತೆ’ ಎಂದು ಕೇಳುವುದನ್ನು ಬಿಟ್ಟು, ‘ಈಗ ಫೈಲ್ ಯಾರ ಹತ್ತಿರ ಇದೆ, ಅವರಿಗೆ ಯಾವ ಕಾಗದ ಬೇಕು’ ಎಂದು ಕೇಳಿ. ಅವತ್ತೇ ಇಮೇಲ್‌ನಲ್ಲೂ ಬರೆಯಿರಿ. ಸುಮ್ನೆ ಕಾಯುವುದಕ್ಕಿಂತ ಇದರಿಂದ ನನಗೆ ಎಷ್ಟೋ ದಿನ ಉಳಿದಿದೆ. ದಿನಾ ಕಾರು ಬೇಕು, ಕೈಯಲ್ಲಿ ಸ್ವಲ್ಪ ದುಡ್ಡೂ ಇದೆ ಎನ್ನುವವರಿಗೆ ನಾನು ಎರಡನೇ ದಾರಿಯನ್ನೇ ಹೇಳುತ್ತೇನೆ. ದುಡ್ಡು ಹೊಂದಿಸುವುದು ಕಷ್ಟ ಎಂದರೆ ಕ್ಯಾಶ್‌ಲೆಸ್, ಆದರೆ ಬಂಪರ್ ಬಿಚ್ಚಿಸಿದ ಮೇಲೆ.