ಕ್ಯೂ ಫೀವರ್ ಟೆಸ್ಟ್: ಎಲೈಸಾ ಪ್ಲೇಟೋ, ಐಎಫ್‌ಎ ಸ್ಲೈಡೋ? ಎಂಟು ವರ್ಷ ಬಳಸಿದವನ ಮಾತು

ಎಂಟು ವರ್ಷದಿಂದ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕ್ಯೂ ಫೀವರ್ ಟೆಸ್ಟ್ ಮಾಡುತ್ತಿದ್ದೇನೆ. ಕುರಿ, ಮೇಕೆ, ದನಗಳಿಂದ ಮನುಷ್ಯರಿಗೆ ಬರುವ ಬ್ಯಾಕ್ಟೀರಿಯಾದ ಜ್ವರ ಇದು; ಅದರ ವಿರುದ್ಧ ರಕ್ತದಲ್ಲಿ ಹುಟ್ಟುವ ಆಂಟಿಬಾಡಿಯನ್ನು ನಾವು ಹುಡುಕುತ್ತೇವೆ. ಸ್ಯಾಂಪಲ್ ಬರುವುದೇ ಅಪರೂಪ. ಬಂದರೆ ಕುರಿ ಸಾಕುವವರದ್ದು, ಕಸಾಯಿಖಾನೆಯವರದ್ದು, ಇಲ್ಲವೇ ದನದ ಡಾಕ್ಟರದ್ದು. ಮೇಕೆ ಕಂದು ಹಾಕಿದಾಗ ಮಾಸು ಎತ್ತಿ ಹಾಕಿದವರದ್ದೂ ಉಂಟು. ವಾರಗಟ್ಟಲೆ ಜ್ವರ, ಟೈಫಾಯ್ಡ್ ಅಲ್ಲ, ಮಲೇರಿಯಾ ಅಲ್ಲ, ಡೆಂಗಿ ಅಲ್ಲ. ಕೊನೆಗೆ ಯಾರೋ ಡಾಕ್ಟರ್ 'ಮನೇಲಿ ಕುರಿ ಇದೆಯಾ' ಅಂತ ಕೇಳುತ್ತಾರೆ, ಟ್ಯೂಬ್ ನಮ್ಮ ಕಡೆ ಬರುತ್ತದೆ. 1935ರಲ್ಲಿ ಬ್ರಿಸ್ಬೇನ್‌ನ ಕಸಾಯಿಖಾನೆ ಕೆಲಸಗಾರರಲ್ಲಿ ಈ ಜ್ವರ ಕಂಡಾಗ ಡಾಕ್ಟರ್ ಡೆರಿಕ್ ಅವರಿಗೂ ಕಾರಣ ಹೊಳೆಯಲಿಲ್ಲ. 'ಕ್ವೆರಿ' (ಪ್ರಶ್ನೆ) ಫೀವರ್ ಅಂತ ಕರೆದರು. ಕ್ಯೂ ಬಂದದ್ದು ಹಾಗೆ.

ಆಂಟಿಬಾಡಿ ಹುಡುಕುವ ಹಳೇ ವಿಧಾನವಾದ ಕಾಂಪ್ಲಿಮೆಂಟ್ ಫಿಕ್ಸೇಶನ್ ಟೆಸ್ಟನ್ನು ಕಲಿಯುವಾಗ ಮಾತ್ರ ಮಾಡಿದ್ದೆ. ಗಿನಿಪಿಗ್ ಸೀರಮ್ (ರಕ್ತದ ತಿಳಿ ಭಾಗ) ಬೇಕು, ಕುರಿಯ ಕೆಂಪು ರಕ್ತಕಣ ಬೇಕು. ಕುರಿಯಿಂದ ಬಂದ ಜ್ವರ ಹಿಡಿಯೋಕೆ ಮತ್ತೆ ಕುರಿಯ ರಕ್ತವೇ! ಪಾಸಿಟಿವ್ ಆಗುವುದೂ ತಡ. ಅದರ ಮಾತು ಬಿಡಿ.

ಎಲೈಸಾ ಕೆಲಸ ಸಲೀಸು. ಪ್ಲೇಟಿನ ಪುಟ್ಟ ಗುಂಡಿಗಳಲ್ಲಿ ಸೀರಮ್ ಹಾಕುತ್ತೇವೆ, ಆಂಟಿಬಾಡಿ ಇದ್ದರೆ ಬಣ್ಣ ಬರುತ್ತದೆ. ಮೆಷಿನ್ ನಂಬರ್ ಕೊಡುತ್ತದೆ, ನೋಡುವವರ ಕಣ್ಣಿನ ಮೇಲೆ ನಿಂತಿಲ್ಲ. ಒಂದು ಹಟ್ಟಿಯ ನಲವತ್ತು ಜನರನ್ನು ಒಟ್ಟಿಗೆ ನೋಡಬೇಕು ಅಂದರೆ ಇದೇ ಸರಿ. ಆದರೆ ಒಬ್ಬನೇ ರೋಗಿ ಇದ್ದರೆ? ಅವನಿಗೆ ಒಂದು ಗುಂಡಿ, ಕಂಟ್ರೋಲ್‌ಗಳಿಗೆ (ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್‌ಗಳಿಗೆ) ನಾಲ್ಕೈದು ಗುಂಡಿ. ಜೊತೆಗೆ 'ಬಾರ್ಡರ್‌ಲೈನ್' ಅನ್ನೋ ಫಲಿತಾಂಶ ಬೇರೆ. ಅದನ್ನು ಡಾಕ್ಟರಿಗೆ ಫೋನಿನಲ್ಲಿ ವಿವರಿಸಿ ನೋಡಿ, ಗೊತ್ತಾಗುತ್ತೆ. ಮೂರು ಸ್ಟಾರ್.

ಐಎಫ್‌ಎ, ಅಂದರೆ ಸ್ಲೈಡಿನ ಮೇಲಿನ ಬ್ಯಾಕ್ಟೀರಿಯಾಕ್ಕೆ ಅಂಟಿದ ಆಂಟಿಬಾಡಿಯನ್ನು ಹೊಳೆಯುವ ಬಣ್ಣದಿಂದ ನೋಡುವ ಟೆಸ್ಟ್, ಬೆನ್ನು ಮುರಿಯುವ ಕೆಲಸ. ಸೀರಮನ್ನು 1:16, 1:32, 1:64 ಅಂತ ತೆಳು ಮಾಡುತ್ತಾ ಹೋಗಬೇಕು. ಐಜಿಎಂ (ಸೋಂಕಿನ ಶುರುವಿನಲ್ಲಿ ಬರುವ ಆಂಟಿಬಾಡಿ) ನೋಡುವ ಮುಂಚೆ ಐಜಿಜಿ (ಬಹುಕಾಲ ಉಳಿಯುವ ಆಂಟಿಬಾಡಿ) ತೆಗೆದುಹಾಕಬೇಕು, ಇಲ್ಲದಿದ್ದರೆ ಮೋಸ ಹೋಗುತ್ತೇವೆ. ಆಮೇಲೆ ಕತ್ತಲೆ ಕೋಣೆ, ಫ್ಲೋರೊಸೆಂಟ್ ಮೈಕ್ರೋಸ್ಕೋಪ್. ಪಾಸಿಟಿವ್ ಆದರೆ ಎಳೇ ಹಸಿರು ಚುಕ್ಕಿಗಳು ರಾಗಿ ಚೆಲ್ಲಿದ ಹಾಗೆ ಮಿನುಗುತ್ತವೆ. ಕೊನೆಯ ಮಿನುಗು ಯಾವ ಗುಂಡಿಯಲ್ಲಿ ಅನ್ನೋದೇ ಜಗಳ. ನಾನು 128 ಅಂದರೆ ನಮ್ಮ ಮೇಡಂ 256 ಅಂತಾರೆ. ಇಬ್ಬರೂ ತಪ್ಪಲ್ಲ, ಒಂದು ಮೆಟ್ಟಿಲ ವ್ಯತ್ಯಾಸ ಈ ಟೆಸ್ಟಿನಲ್ಲಿ ಮಾಮೂಲು.

ಆದರೂ ನನ್ನ ನಾಲ್ಕು ಸ್ಟಾರ್ ಇದಕ್ಕೇ. ನಾವು ಬಳಸುವ ಸ್ಲೈಡಿನಲ್ಲಿ ಈ ಬ್ಯಾಕ್ಟೀರಿಯಾದ ಎರಡು ರೂಪ, ಫೇಸ್ ಒಂದು ಮತ್ತು ಫೇಸ್ ಎರಡು, ಪಕ್ಕಪಕ್ಕ ಇರುತ್ತವೆ. ಹೊಸ ಜ್ವರವಾದರೆ ಫೇಸ್ ಎರಡರ ಆಂಟಿಬಾಡಿ ಮೊದಲು ಏರುತ್ತದೆ. ಬ್ಯಾಕ್ಟೀರಿಯಾ ಹೃದಯದ ವಾಲ್ವ್‌ನಲ್ಲಿ ಗೂಡು ಕಟ್ಟಿದ್ದರೆ ಫೇಸ್ ಒಂದರ ಐಜಿಜಿ 1:800 ದಾಟುವುದುಂಟು. ಆ ರೋಗಿಗೆ ಎರಡು ವಾರದ ಡಾಕ್ಸಿಸೈಕ್ಲಿನ್ (ಆಂಟಿಬಯೋಟಿಕ್ ಮಾತ್ರೆ) ಸಾಲದು, ಹೈಡ್ರಾಕ್ಸಿಕ್ಲೋರೋಕ್ವಿನ್ ಜೊತೆಗೆ ಒಂದೂವರೆ ವರ್ಷ ಬೇಕು. ನಂಬರ್ ತಪ್ಪಿದರೆ ಏನಾಗುತ್ತೆ ಯೋಚಿಸಿ.

ನಾವು ಎಡವಿದ್ದು ಕಿಟ್‌ನಲ್ಲಲ್ಲ, ಫ್ರೀಜರ್‌ನಲ್ಲಿ. ಮೂರನೇ ವರ್ಷ ಒಬ್ಬ ಕುರಿಗಾಹಿ ಬಂದಿದ್ದ, ಜ್ವರದ ಐದನೇ ದಿನ. ನೆಗೆಟಿವ್. ಅಷ್ಟು ಬೇಗ ಆಂಟಿಬಾಡಿ ಕಾಣುವುದಿಲ್ಲ, ಒಂದೆರಡು ವಾರ ಬೇಕು. ಡಾಕ್ಟರ್ ಕಾಯದೆ ಮಾತ್ರೆ ಶುರು ಮಾಡಿದ್ದರು, ಅದು ಸರಿಯೇ. ನಾಲ್ಕು ವಾರ ಬಿಟ್ಟು ಮತ್ತೆ ಬಂದಾಗ 1:64. ಇದು ಹೊಸದಾ, ಇಲ್ಲ ಹಳೇ ಸೋಂಕಿನ ಉಳಿಕೆಯಾ? ಮೊದಲಿನದು ನಿಜಕ್ಕೂ ನೆಗೆಟಿವ್ವಾ, ಇಲ್ಲ ಅಂಚಿನಲ್ಲಿತ್ತಾ? ಎರಡನ್ನೂ ಒಂದೇ ಸ್ಲೈಡಿನಲ್ಲಿಟ್ಟು ನೋಡೋಣ ಅಂದರೆ ಮೊದಲ ಸೀರಮ್ ಇಲ್ಲ. ಫ್ರೀಜರ್ ಕ್ಲೀನ್ ಮಾಡುವಾಗ ಎಸೆದಿದ್ದೆವು. ಕನಿಷ್ಠ ನಾಲ್ಕು ಪಟ್ಟು ಏರಿಕೆ ತೋರಿಸದೆ 'ಖಚಿತ' ಅಂತ ಬರೆಯೋಕೆ ಆಗಲಿಲ್ಲ. ಆತ ಮಾತ್ರ 'ಜ್ವರ ಬಿಡ್ತು ಸಾ, ಚೀಟಿ ಏನಾದ್ರೂ ಇರ್ಲಿ' ಅಂತ ಹೊರಟೇಬಿಟ್ಟ.

ಈಗ ಕ್ಯೂ ಫೀವರ್ ಟ್ಯೂಬ್‌ಗೆ ಕೆಂಪು ಟೇಪ್ ಸುತ್ತುತ್ತೇವೆ, ಮೈನಸ್ 20ರ ಡಬ್ಬಿಯನ್ನು ಯಾರೂ ಮುಟ್ಟುವ ಹಾಗಿಲ್ಲ.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ ಎಕ್ಸ್‌ಪೈರಿ. ಹತ್ತು ಸ್ಲೈಡಿನ ಪ್ಯಾಕ್ ತರಿಸಿ, ನಾಲ್ಕು ಬಳಸಿ, ಆರು ಎಸೆದಿದ್ದೇವೆ. ಚಿಕ್ಕ ಪ್ಯಾಕ್ ಇದ್ದರೆ ದಯವಿಟ್ಟು ತಿಳಿಸಿ.