ನಾಲ್ಕು ವರ್ಷ ಬಳಸಿದ ಪಲ್ಸ್ ಆಕ್ಸಿಮೀಟರ್: ಐದಕ್ಕೆ ನಾಲ್ಕು ಸ್ಟಾರ್

ಅಪ್ಪನಿಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಮನೆಯಲ್ಲೇ ಆಕ್ಸಿಜನ್ ಮೆಷಿನ್ ಇದೆ. ಅದರ ಜೊತೆಗೇ ಬಂದ ಬೆರಳಿನ ಕ್ಲಿಪ್ ಇದು, ರಕ್ತದಲ್ಲಿ ಆಕ್ಸಿಜನ್ ಮಟ್ಟ ಶೇಕಡಾ ಎಷ್ಟಿದೆ ಅಂತ ತೋರಿಸುತ್ತದೆ. ದಿನಕ್ಕೆರಡು ಸಲ ಹಾಕಿ ನೋಡುತ್ತೇವೆ.

ಮೊದಲ ವಾರವೇ ಜೀವ ಬಾಯಿಗೆ ಬಂದಿತ್ತು. ರಾತ್ರಿ ನೋಡಿದರೆ 81! ಅಪ್ಪ ಮಾತ್ರ ಆರಾಮಾಗಿ ಪೇಪರ್ ಓದುತ್ತಿದ್ದರು. ನಾನು ಡಾಕ್ಟರಿಗೆ ಫೋನ್ ಮಾಡಲು ಹೊರಟರೆ, "ಈಗಷ್ಟೇ ಕೈ ತೊಳೆದೆ ಕಣೋ, ಬೆರಳು ತಣ್ಣಗಿದೆ ನೋಡು" ಅಂದರು. ಕೈ ಉಜ್ಜಿ ಬೆಚ್ಚಗೆ ಮಾಡಿ, ಒಂದು ನಿಮಿಷ ಅಲ್ಲಾಡಿಸದೆ ಇಟ್ಟ ಮೇಲೆ 91 ಬಂತು. ಅವತ್ತಿನಿಂದ ನಾನು ಮೊದಲು ನೋಡುವುದು ಪಕ್ಕದಲ್ಲಿ ನಾಡಿಯ ಜೊತೆ ಏರಿಳಿಯುವ ಪಟ್ಟಿಯನ್ನು. ಅದು ಮಂಕಾಗಿದ್ದರೆ ಅಂಕಿಯನ್ನು ನಂಬುವುದಿಲ್ಲ.

ಈ ಕ್ಲಿಪ್ ಬೆರಳಿನೊಳಕ್ಕೆ ಎರಡು ಬೆಳಕು ಬಿಡುತ್ತದೆ. ಒಂದು 660 ನ್ಯಾನೋಮೀಟರ್ ಸುಮಾರಿನ ಕೆಂಪು, ಇನ್ನೊಂದು ಕಣ್ಣಿಗೆ ಕಾಣದ 940ರ ಇನ್ಫ್ರಾರೆಡ್. ಆಕ್ಸಿಜನ್ ಹೊತ್ತ ರಕ್ತ ಇನ್ಫ್ರಾರೆಡ್ಡನ್ನು ಜಾಸ್ತಿ ಹೀರುತ್ತದೆ, ಆಕ್ಸಿಜನ್ ಇಲ್ಲದ್ದು ಕೆಂಪನ್ನು. ನಾಡಿ ಬಡಿದಾಗ ಬದಲಾಗುವ ಬೆಳಕಷ್ಟೇ ಲೆಕ್ಕಕ್ಕೆ ಬರುತ್ತದೆ. ಇದನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಟಕುವೊ ಅಒಯಾಗಿ. ಅವರು ಅಳೆಯಲು ಹೊರಟಿದ್ದೇ ಬೇರೆ, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅಂತ. ನಾಡಿಯ ಬಡಿತ ಆ ಲೆಕ್ಕಕ್ಕೆ ಅಡ್ಡ ಬರುತ್ತಿತ್ತು. ಆ ಕಾಟವೇ ಕೊನೆಗೆ ಕೆಲಸಕ್ಕೆ ಬಂತು!

ಒಂದು ಸಲ ಮಗಳು ಆಟಕ್ಕೆ ಅಜ್ಜನ ಉಗುರಿಗೆಲ್ಲ ಕಪ್ಪು ನೈಲ್ ಪಾಲಿಶ್ ಬಳಿದಿದ್ದಳು. ಕ್ಲಿಪ್ ಬರೀ ಗೆರೆ ತೋರಿಸಿ ಸುಮ್ಮನಾಯಿತು. ಒಂದೆರಡು ಅಂಕಿ ಹೆಚ್ಚುಕಮ್ಮಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಈ ಯಂತ್ರದ ಸ್ವಭಾವವೇ ಅದು. ಮೈಬಣ್ಣ ಕಪ್ಪಾಗಿರುವವರಿಗೆ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದು ಮಾತ್ರ ನೆನಪಿರಲಿ.

ನಾನು ಒಂದು ಸ್ಟಾರ್ ಕಳೆದಿದ್ದು ಇದಕ್ಕೆಲ್ಲ ಅಲ್ಲ. ಎರಡನೇ ವರ್ಷ ಒಂದು ದಿನ ಅಪ್ಪನಿಗೆ 89 ಇತ್ತು. ಇನ್ನೂ ಚೆನ್ನಾಗಿರಲಿ ಅಂತ ನಾನೇ ಆಕ್ಸಿಜನ್ ಒಂದು ಲೀಟರಿನಿಂದ ಮೂರಕ್ಕೆ ಏರಿಸಿದೆ. ಅಂಕಿ 97ಕ್ಕೆ ಹೋಯಿತು. ನನಗೆ ಖುಷಿಯೋ ಖುಷಿ. ಮಾರನೇ ಬೆಳಿಗ್ಗೆ ಅಪ್ಪ ತಲೆನೋವು ಅಂದರು, ಮಾತಾಡುತ್ತಾ ಮಾತಾಡುತ್ತಾ ತೂಕಡಿಸಿದರು. ಕ್ಲಿಪ್ ಆಗಲೂ 97 ಅಂತಲೇ ಹೇಳುತ್ತಿತ್ತು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ರಕ್ತನಾಳದಿಂದ ರಕ್ತ ತೆಗೆದು ನೋಡಿದರೆ ಕಾರ್ಬನ್ ಡೈಆಕ್ಸೈಡ್ ಏರಿಬಿಟ್ಟಿತ್ತು. ಇಂಥ ರೋಗಿಗಳಲ್ಲಿ ಆಕ್ಸಿಜನ್ ಅತಿಯಾದರೆ ಹೀಗಾಗಬಹುದಂತೆ. ಅದನ್ನು ಈ ಕ್ಲಿಪ್ ಅಳೆಯುವುದೇ ಇಲ್ಲ. "88ರಿಂದ 92 ಇದ್ದರೆ ಸಾಕು, ನೂರು ಮಾಡೋಕೆ ಹೋಗಬೇಡಿ" ಅಂತ ಡಾಕ್ಟರು ಬೈದರು. ತಪ್ಪು ನನ್ನದೇ ಬಿಡಿ. ಆದರೂ ಜೊತೆಗೆ ಬಂದ ಚೀಟಿಯಲ್ಲಿ 95ರಿಂದ 100 ನಾರ್ಮಲ್ ಅಂತಷ್ಟೇ ಅಚ್ಚು ಹಾಕಿದ್ದರು. ಅದರ ಪಕ್ಕ ಇದೂ ಒಂದು ಸಾಲು ಇರಬಾರದಿತ್ತಾ?

ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿದೆ. ಬಳಸದ ದಿನಗಳಲ್ಲಿ ಬ್ಯಾಟರಿ ತೆಗೆದಿಡಿ, ನಮ್ಮದು ಒಮ್ಮೆ ಸೋರಿತ್ತು. 90ರ ಕೆಳಗೆ ಕಿರುಚುವ ಬೀಪನ್ನು ನಾವು ಬಂದ್ ಮಾಡಿಟ್ಟಿದ್ದೇವೆ. ಅಪ್ಪನ 89ಕ್ಕೆ ಅದು ಸುಮ್ನೆ ಗಲಾಟೆ.